ಅಣ್ಣನ ಹೆಸರಿನ ಬೈಕು

ಜುಲೈ 9, ಸೋಮವಾರ

ಅಣ್ಣ ಹೆಚ್ಚೆಂದರೆ ಇನ್ನೊಂದು ವಾರ. ಬೆಳಿಗ್ಗೆ ಏಳೂಕಾಲಿಗೆ ಗಡಿಯಾಚೆಯಿಂದ ಫೋನ್ ಮಾಡಿ ಹೇಳಿದವನು ಅವನ ಮಗ ತಿಲೆಗೆನ್. ಅವನಿಗೆ ಹೇಳಿದವರು ಆಸ್ಪತ್ರೆಯವರು. ಯಕೃತ್ತಿನಲ್ಲಿ ಗಡ್ಡೆ. ಮಾಡುವುದೇನೂ ಉಳಿದಿಲ್ಲವೆಂದು ಮನೆಗೆ ಕಳಿಸಿದ್ದಾರೆ.

"ನನ್ನನ್ನ ಕೇಳಿದ್ನಾ?" ಎಂದೆ.

"ಚಿಕ್ಕಪ್ಪ, ನೀವು ಹೊರಡಿ."

"ಕೇಳಿದ್ನೋ ಇಲ್ವೋ, ಅಷ್ಟು ಹೇಳು."

"ನಾನು ಕರೀತಿದೀನಲ್ಲ, ಸಾಲದಾ? ನಾಡಿದ್ದಿಂದ ಹಬ್ಬದ ರಜೆ. ಗೇಟು ಮುಚ್ಚಿದ್ರೆ ಮತ್ತೆ ಹದಿನಾರಕ್ಕೇ ತೆಗೆಯೋದು. ಬರ್ತಾ ಒಂದು ಬಾಟಲಿ ಕುಮಿಸ್ ತನ್ನಿ. ತಾತನ ಹುಲ್ಲುಗಾವಲಿಂದು. ಅಪ್ಪ ಅದನ್ನ ಕೇಳಿದ್ರು."

ಹುದುಗಿಸಿದ ಕುದುರೆ ಹಾಲು, ಆ ಕುಮಿಸ್ ಕೇಳಿದ್ದಾನೆ, ನನ್ನನ್ನು ಕೇಳಿಲ್ಲ. ಹೀಗೆಂದು ತಿಳಿದುಕೊಂಡೆ.

ಒಂಬತ್ತು ವರ್ಷದಿಂದ ಅವನ ದನಿ ಕೇಳಿಲ್ಲ. ಅವನ ನೂರ ನಲವತ್ತು ಕುರಿ, ಹನ್ನೊಂದು ಹಸುಗಳಿಗೆ ಕಾಲುಬಾಯಿ ರೋಗ ಎಂದು ಬರೆದವನು ನಾನು. ಗಡಿಯ ಈಚೆ ನಮ್ಮೂರು ತೊಲ್ಬೋದ ಪಶುವೈದ್ಯ ಆಗಲೂ ನಾನೇ, ಈಗಲೂ ನಾನೇ. ಅಣ್ಣ ದೊಡ್ಡಿಯ ಬಾಗಿಲಲ್ಲಿ ನಿಂತು, "ಬಾಯಿಹುಣ್ಣು ಅಂತ ಬರಿ ಜುಮಾದಿಲ್. ಒಂದೇ ಸಾಲು," ಎಂದಿದ್ದ. ಕಂಡದ್ದನ್ನು ಬರೆದೆ. ಮಾರನೆಯ ದಿನ ಎಲ್ಲವನ್ನೂ ಗುಂಡಿಗೆ ಹಾಕಿ ಸುಣ್ಣ ಸುರಿದರು. ಹಿಮ ಬೀಳುವ ಮೊದಲೇ ಅವನು ಹೆಂಡತಿ ಮಗನೊಂದಿಗೆ ರಷ್ಯದ ಕಡೆ ಹೊರಟುಹೋದ. ಅತ್ತಿಗೆಯ ತವರಿನವರು ಕೋಶ್-ಅಗಾಚ್ ಹತ್ತಿರದ ಹಳ್ಳಿಯಲ್ಲಿದ್ದಾರೆ. ನಾನು ಬರೆದದ್ದು ಸರಿ. ಪ್ರಯೋಗಾಲಯವೂ ಅದನ್ನೇ ಹೇಳಿತು.

ಆದರೂ ನಮ್ಮ ಕಝಕ್ಕರಲ್ಲಿ ಸಾಯುವವರೊಡನೆ ರಾಜಿ, ಅಂದರೆ ನಿನ್ನ ಮೇಲೆ ನನಗೇನೂ ಉಳಿದಿಲ್ಲ ಎಂಬ ಮಾತು, ಹೇಳಿಕೊಳ್ಳದೆ ಅವನನ್ನು ಕಳಿಸುವಂತಿಲ್ಲ. ಅವನ ಕೈ ಹಿಡಿದು ನಾನು ರಾಜಿ ಎನ್ನಬೇಕು, ಅವನೂ ರಾಜಿ ಎನ್ನಬೇಕು. ಫೋನಿನಲ್ಲಿ ಆಗುವ ಕೆಲಸವಲ್ಲ, ಕೈಗೆ ಕೈ ಬೇಕು. ಅವನು ಹಾಗೆನ್ನದೆ ಹೋಗಿಬಿಟ್ಟರೆ ಆ ಭಾರ ನಾನು ಸಾಯುವವರೆಗೆ ನನ್ನ ಮೇಲೆಯೇ.

ಹಾಲಿನ ಯಾವ ಪದಾರ್ಥವೂ ಗಡಿ ದಾಟಬಾರದು. ಕುರಿಗಾರರಿಗೆ ಆ ನಿಯಮ ಓದಿ ಹೇಳುವವನು ನಾನೇ. ಬಾಟಲಿಯನ್ನು ಹಳೆಯ ಕೋಟಿನೊಳಗೆ ಸುತ್ತಿ ಚೀಲದ ತಳದಲ್ಲಿಟ್ಟೆ.

ಈ ಪುಸ್ತಕ ದನಕರುಗಳ ರೋಗ ಬರೆಯಲು ಇಟ್ಟುಕೊಂಡದ್ದು. ಬೇರೆ ಪುಸ್ತಕ ಹುಡುಕಲು ಹೊತ್ತಿಲ್ಲ.

ಜುಲೈ 10, ಮಂಗಳವಾರ

ದಾಟಲು ಆಗಲಿಲ್ಲ. ಬೈಕು ನನ್ನದಲ್ಲ. ಹೇಳಿದವರು ಗೇಟಿನ ಸುಂಕದ ಕ್ಯಾಪ್ಟನ್ ಬಾತ್‌ಸೂರಿ.

ಬೆಳಿಗ್ಗೆ ನಾಲ್ಕಕ್ಕೆ ಹೊರಟವನು ನೂರೆಂಬತ್ತು ಕಿಲೋಮೀಟರಿಗೆ ಹನ್ನೆರಡೂವರೆ ಗಂಟೆ ತೆಗೆದುಕೊಂಡೆ. ಹೊಳೆ ತುಂಬಿತ್ತು. ನೀರು ಇಳಿಯುವವರೆಗೆ ದಡದಲ್ಲಿ ಕೂತಿದ್ದೆ, ಐದು ಗಂಟೆ. ಗೇಟಿನ ಮುಂದೆ ಮೂವತ್ತೊಂದು ಕಾರು ಸಾಲಾಗಿದ್ದವು. ನನ್ನ ಸರದಿ ಬಂದಾಗ ಐದೂ ನಲವತ್ತು.

ಕ್ಯಾಪ್ಟನ್ ಬೈಕಿನ ನೋಂದಣಿಯ ಹಸಿರು ಪುಸ್ತಕವನ್ನು ಎರಡು ಸಲ ತಿರುವಿ ಹಾಕಿದರು.

"ಇದು ದಾಲೆಲ್‌ಖಾನ್ ಅನ್ನೋರ ಹೆಸರಲ್ಲಿದೆ."

"ನಮ್ಮಣ್ಣ."

"ನಿಮ್ಮ ಹೆಸರಿಗೆ ಯಾಕೆ ಮಾಡಿಸ್ಕೊಂಡಿಲ್ಲ?"

"ಕೆಲಸ ಸಿಕ್ಕಿದ ವರ್ಷ ಅಣ್ಣ ಕೊಟ್ಟಿದ್ದು. ನಡ್ಕೊಂಡು ಹೋಗೋ ಡಾಕ್ಟ್ರನ್ನ ಯಾರೂ ನಂಬಲ್ಲ ಅಂತ. ಹದಿನಾರು ವರ್ಷ ಆಯ್ತು."

"ಕೊಟ್ಟಿದ್ದಕ್ಕೆ ಕಾಗದ?"

"ಅಣ್ಣ ಕೊಟ್ಟಿದ್ದಕ್ಕೆ ಯಾರಾದ್ರೂ ಕಾಗದ ಕೇಳ್ತಾರಾ?"

"ನಾನು ಕೇಳ್ತಿದೀನಲ್ಲ," ಎಂದರು. ಸಿಡುಕಲಿಲ್ಲ. ಮಾಲೀಕರ ಅನುಮತಿ ಪತ್ರ ಬೇಕು, ಅದಕ್ಕೆ ನೋಟರಿಯ ಮೊಹರು ಬೇಕು ಎಂದು ನಿಯಮ ತೋರಿಸಿದರು. "ಅಣ್ಣ ಎಲ್ಲಿದಾರೆ?"

"ಆಚೆ ಕಡೆ. ಸಾಯ್ತಿದಾನೆ."

ಕ್ಯಾಪ್ಟನ್ ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದರು. "ಅನುಮತಿ ಕೊಡೋರು ಆಚೆ, ಬೇಕಾದೋರು ಈಚೆ. ನಡ್ಕೊಂಡು ದಾಟಿ ಅನ್ನೋಣ ಅಂದ್ರೆ ಅದಕ್ಕೂ ಬಿಡಲ್ಲ. ಇಲ್ಲಿ ಗಾಡಿಯಲ್ಲೇ ದಾಟಬೇಕು. ಯಾವ ಕಾರಲ್ಲಾದ್ರೂ ಜಾಗ ಇದೆಯಾ ಕೇಳಿ ನೋಡಿ."

ಓಡಿದೆ. ಉಳಿದಿದ್ದವು ನಾಲ್ಕು ಕಾರು. ಒಂದರಲ್ಲಿ ಐದು ಜನರ ಜಾಗದಲ್ಲಿ ಎಂಟು ಜನ. ಎರಡರಲ್ಲಿ ಹಿಂದಿನ ಸೀಟೇ ಇಲ್ಲ, ಉಣ್ಣೆಯ ಮೂಟೆಗಳು. ನಾಲ್ಕನೆಯವನು ಗಾಜು ಇಳಿಸಲಿಲ್ಲ. ಆರು ಗಂಟೆಗೆ ಸರಪಳಿ ಎಳೆದು ಬೀಗ ಹಾಕಿದರು.

ಇನ್ನು ಹದಿನಾರು, ಬೆಳಿಗ್ಗೆ ಒಂಬತ್ತು.

ಜುಲೈ 11, ಬುಧವಾರ

ಅಣ್ಣ ಮಾತಾಡಿದ. ಐವತ್ತೆರಡು ಸೆಕೆಂಡು. ಫೋನಿನಲ್ಲಿ ನೋಡಿ ಬರೆದಿದ್ದೇನೆ.

ಗೇಟಿನ ಎದುರಿನ ಚಹಾ ಮನೆಯಲ್ಲಿ ಉಳಿದಿದ್ದೇನೆ. ನಡೆಸುವವಳು ಕನೀಪಾ ಎಂಬ ವಿಧವೆ, ಐವತ್ತೈದರ ಮೇಲಿನವಳು. ನಾನು ಪಶುವೈದ್ಯ ಎಂದು ತಿಳಿದ ಕೂಡಲೆ ತನ್ನ ಮೇಕೆಯನ್ನು ಚಹಾ ಕುಡಿಯುವ ಕೋಣೆಗೇ ಎಳೆದು ತಂದಳು.

"ಮೂರು ದಿನದಿಂದ ಮೇವು ಮುಟ್ಟಿಲ್ಲ ಡಾಕ್ಟ್ರೇ. ನನ್ನ ಬಟ್ಟೆ ಮಾತ್ರ ತಿನ್ನುತ್ತೆ."

"ಹಾಗಾದ್ರೆ ಹಸಿವಿದೆ."

"ಹಸಿವಿದ್ರೆ ಹುಲ್ಲು ತಿನ್ನಲಿ. ನನ್ನ ಗಂಡನ್ದೂ ಇದೇ ಬುದ್ಧಿ ಇತ್ತು, ಮನೇಲಿ ಊಟ ಇದ್ರೂ." ಪಕ್ಕದಲ್ಲಿದ್ದ ಲಾರಿಯವರು ನಕ್ಕರು. "ನಿಮ್ಮ ಬೈಕು ಕುದುರೆ ಆಗಿದ್ರೆ ಒಳ್ಳೇದಿತ್ತು ನೋಡಿ. ಹಸಿರು ಪುಸ್ತಕ ಕೇಳ್ತಿರ್ಲಿಲ್ಲ."

"ಕುದುರೆಗೆ ನನ್ನಂಥೋನೇ ಕಾಗದ ಕೇಳ್ತಾನೆ."

"ಹಾಗಂದ್ರೆ ನಿಮ್ಮನ್ನ ನೀವೇ ತಡೆದಂಗಾಯ್ತು," ಎಂದು ಉಪ್ಪು ಹಾಕಿದ ಚಹಾ ಬಗ್ಗಿಸಿದಳು.

ಹನ್ನೊಂದಕ್ಕೆ ತಿಲೆಗೆನ್ ಫೋನ್ ಮಾಡಿ ಪತ್ರದ ವಿಷಯ ಕೇಳಿಕೊಂಡ. ಆಮೇಲೆ, "ಅಪ್ಪನ ಕಿವಿಗೆ ಹಿಡೀತೀನಿ, ಮಾತಾಡಿ," ಎಂದ. ಉಸಿರು ಕೇಳಿಸಿತು. ಎದೆ ಕಟ್ಟಿದ ಕುರಿಯ ಉಸಿರಿನ ಹಾಗೆ, ನಡುನಡುವೆ ನಿಂತು ಬರುವ ಉಸಿರು.

"ಯಾರು?"

"ನಾನು, ಜುಮಾದಿಲ್."

ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಬೈಕು ಓಡ್ತಿದೆಯಾ?"

"ಓಡ್ತಿದೆ. ಹೋದ ವರ್ಷ ಚೈನು ಬದಲಾಯಿಸಿದೆ. ಕ್ಲಚ್ಚಿನ ತಂತಿ ಹಳೇದೇ."

"ಅದು ಮೊದಲಿಂದಾನೂ ಬಿಗಿ." ಮತ್ತೆ ಉಸಿರು. "ಅದರ ಮೇಲೇ ಬಾ."

ಫೋನ್ ತಿಲೆಗೆನ್ ಕೈಗೆ ಹೋಯಿತು. ಮಗನ ಹತ್ತಿರ ಪತ್ರಕ್ಕೆ ಸಹಿ ಹಾಕುತ್ತೇನೆ ಎಂದನಂತೆ.

ಹೇಳಬೇಕಾದದ್ದನ್ನು ಹೇಳಲಿಲ್ಲ. ಚೈನು, ತಂತಿ ಎಂದೆ. ಕೈ ಹಿಡಿದು ಹೇಳುವುದನ್ನು ಈಗಲೇ ಹೇಳಿ ಕೆಡಿಸುವುದೇಕೆ ಎಂದುಕೊಂಡೆ. ಐದು ದಿನ ಇದೆ. ಆಸ್ಪತ್ರೆಯವರು ವಾರ ಎಂದಿದ್ದಾರೆ. ಲೆಕ್ಕ ಸರಿಹೋಗುತ್ತದೆ.

ಜುಲೈ 13, ಶುಕ್ರವಾರ

ಪತ್ರಕ್ಕೆ ಸಹಿಯಾಗಿದೆ. ತಿಲೆಗೆನ್ ಫೋಟೋ ಕಳಿಸಿದ್ದಾನೆ. ನೋಟರಿಯನ್ನು ಮನೆಗೇ ಕರೆತಂದಿದ್ದ.

ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಓದಿದೆ. "ಈ ವಾಹನವನ್ನು ನನ್ನ ತಮ್ಮ ಎಲ್ಲಿಗೆ ಬೇಕಾದರೂ ಒಯ್ಯಬಹುದು, ತನ್ನಲ್ಲೇ ಇಟ್ಟುಕೊಳ್ಳಬಹುದು. ನನ್ನ ತಮ್ಮನ ಮೇಲೆ ನನಗೆ ಯಾವ ತಕರಾರೂ ಇಲ್ಲ." ಅದು ನೋಟರಿಯ ಬಳಿ ಇರುವ ಮುದ್ರಿತ ಸಾಲು. ಹೆಸರು ಮತ್ತು ಸಂಬಂಧ ಮಾತ್ರ ಕೈಯಲ್ಲಿ ತುಂಬಿದ್ದಾರೆ. ಎಲ್ಲರ ಪತ್ರದಲ್ಲೂ ಇದೇ ಇರುತ್ತದೆ. ಸಹಿ ಸೊಟ್ಟಗಿದೆ, ಅವನದೇ ಎಂದು ಹೇಳಲು ಕಷ್ಟ.

ಕ್ಯಾಪ್ಟನ್ ರಜೆಯಲ್ಲೂ ಕಾವಲು ಕೋಣೆಯಲ್ಲೇ ಇದ್ದಾರೆ. ತೋರಿಸಿದೆ.

"ಫೋಟೋ ನಡೆಯಲ್ಲ. ಮೂಲ ಪತ್ರ ಬೇಕು."

"ಮೂಲ ಪತ್ರ ಆಚೆ ಇದೆ."

"ಸೋಮವಾರ ಅಲ್ಲಿಂದ ಬರೋ ಮೊದಲ ಕಾರಲ್ಲಿ ಕಳಿಸಲಿ. ಬಂದ ತಕ್ಷಣ ನಿಮ್ಮನ್ನ ಬಿಡ್ತೀನಿ, ಸಾಲಲ್ಲಿ ನಿಲ್ಲೋದು ಬೇಡ. ನನ್ನಿಂದ ಆಗೋದು ಇಷ್ಟು." ಆಮೇಲೆ ಕೇಳಿದರು, "ನಿಮ್ಮಣ್ಣ ದೊಡ್ಡೋರಾ, ನಿಮಗಿಂತ ಬಹಳ?"

"ಹನ್ನೆರಡು ವರ್ಷ."

"ಹಾಗಾದ್ರೆ ಹೊತ್ಕೊಂಡು ತಿರುಗಿರ್ತಾರೆ."

ಹೌದು, ಹೊತ್ತು ತಿರುಗಿದ್ದ.

ಮಧ್ಯಾಹ್ನ ಬೇಲಿಯ ಉದ್ದಕ್ಕೂ ನಡೆದೆ. ಬೆಟ್ಟದ ಮೇಲೆ ರಷ್ಯದ ಟಾರು ರಸ್ತೆ ಶುರುವಾಗುವ ಜಾಗ ಬಿಸಿಲಿನಲ್ಲಿ ಕಾಣುತ್ತದೆ. ಐದು ಕಿಲೋಮೀಟರ್. ಅಲ್ಲಿಂದ ಅವರ ಗೇಟಿಗೆ ಇಪ್ಪತ್ತು. ಅಲ್ಲಿಂದ ಅವನ ಹಳ್ಳಿ. ಬೇಲಿಯ ಕೆಳಗೆ ಕುರಿಗಳು ಸಲೀಸಾಗಿ ನುಸುಳಿ ಆಚೆ ಮೇಯುತ್ತಿದ್ದವು. ರೋಗ ಹರಡುವುದೇ ಹೀಗೆ ಎಂದು ನಾನೇ ವರದಿ ಬರೆದಿದ್ದೇನೆ, ಬೇಲಿ ಬಿಗಿ ಮಾಡಬೇಕು ಎಂದೂ ಬರೆದಿದ್ದೇನೆ. ತಂತಿಯ ಕೆಳಗಿನ ತೆರಪು ಒಂದೂವರೆ ಗೇಣು. ಅಳೆದು ನೋಡಿದೆ. ಕಾವಲಿನವನು ಶಿಳ್ಳೆ ಹೊಡೆದ, ಎದ್ದು ಬಂದೆ.

ಜುಲೈ 14, ಶನಿವಾರ

ಅಣ್ಣನಿಗೆ ನೋವು ಇಳಿದಿದೆ. ಹೇಳಿದವರು ತಿಲೆಗೆನ್ ಅಲ್ಲ. ಅತ್ತಿಗೆಯ ಕಡೆಯ ಹಿರಿಯರೊಬ್ಬರು, ನನಗೆ ಪರಿಚಯವಿಲ್ಲದವರು. ಮಧ್ಯಾಹ್ನ ಹನ್ನೆರಡಕ್ಕೆ ತಿಲೆಗೆನ್ ಫೋನಿನಿಂದಲೇ ಮಾಡಿದ್ದರು.

"ಜುಮಾದಿಲ್, ಚೆನ್ನಾಗಿದೀಯಾ? ದನಕರು ಚೆನ್ನಾಗಿವೆಯಾ? ಹೆಂಡತಿ ಮಕ್ಕಳು?"

ಎಲ್ಲದಕ್ಕೂ ಉತ್ತರ ಹೇಳಿದೆ. "ಅಣ್ಣ ಹೇಗಿದಾನೆ?" ಎಂದೆ.

"ನೆಮ್ಮದಿಯಾಗಿ ಮಲಗಿದಾನೆ. ನೋವಿಲ್ಲ ಈಗ. ನೀನು ಸೋಮವಾರ ಎಷ್ಟು ಹೊತ್ತಿಗೆ ಇಲ್ಲಿರ್ತೀಯ? ಸರಿಯಾಗಿ ಹೇಳು."

"ಮಧ್ಯಾಹ್ನ ಎರಡು, ಮೂರು."

"ಮೂರಕ್ಕಿಂತ ತಡ ಆಗಲ್ಲ ಅಲ್ವಾ?"

"ಆಗಲ್ಲ. ಕುಮಿಸ್ ತರ್ತಿದೀನಿ, ಹುಳಿ ಬಂದಿದೆ, ಅವನಿಗೆ ಹಾಗೇ ಇಷ್ಟ ಅಂತ ಹೇಳಿ."

"ಅದು ಬೇಡ ಈಗ. ಹಗುರಾಗಿ ಬಾ. ಹುಷಾರಾಗಿ ಓಡಿಸು, ಮಗನೇ."

ಹಿನ್ನೆಲೆಯಲ್ಲಿ ಬಹಳ ಜನರಿದ್ದರು. ನೋಡಿಹೋಗಲು ಬಂದವರಿರಬೇಕು. ಕುಮಿಸ್ ಬೇಡ ಎಂದದ್ದು ವೈದ್ಯರಿರಬೇಕು. ಔಷಧಿ ಬದಲಾಯಿಸಿದ್ದಾರೆ, ನೋವು ಇಳಿದಿದೆ. ಒಳ್ಳೆಯ ಲಕ್ಷಣ. ತಿಲೆಗೆನ್ ಯಾಕೆ ಮಾತಾಡಲಿಲ್ಲ ಎಂದು ಕೇಳಲು ಮರೆತೆ.

ಬಾಟಲಿಯನ್ನು ಕನೀಪಾಗೆ ಕೊಟ್ಟೆ. ತೆಗೆದುಕೊಂಡು ಒಳಗಿಟ್ಟಳು. ಅವಳೂ ಸಂಜೆಯಿಂದ ಮಾತು ಕಡಿಮೆ ಮಾಡಿದ್ದಾಳೆ. ಮೇಕೆ ಹುಲ್ಲು ತಿನ್ನುತ್ತಿದೆ, ಅದರ ಚಿಂತೆಯಲ್ಲ. ರಾತ್ರಿ ಊಟಕ್ಕೆ ಕೇಳದೆಯೇ ಕುರಿಯ ಎದೆಮಾಂಸ ಇಟ್ಟಳು. ಲಾರಿಯವರೂ ಒಬ್ಬೊಬ್ಬರಾಗಿ ಎದ್ದು ಬೇರೆ ಮೇಜಿಗೆ ಹೋದರು. ನನ್ನ ಕೋಟಿಗೆ ಹೊಳೆಯ ಕೆಸರಿನ ವಾಸನೆ ಇದೆ, ಅದಕ್ಕಿರಬೇಕು.

ಜುಲೈ 15, ಭಾನುವಾರ

ಆಚೆಯಿಂದ ಫೋನ್ ಇಲ್ಲ. ನಾನೂ ಮಾಡಲಿಲ್ಲ.

ಕುಸಾಯಿನ್ ಎಂಬ ಮುದುಕರು ಮೇಲಿನ ಗುಡಾರದಿಂದ ಇಳಿದು ಬಂದು ಬೆಳಗಿನಿಂದ ನನ್ನ ಪಕ್ಕದಲ್ಲೇ ಕೂತಿದ್ದಾರೆ. ಕನೀಪಾಳ ಮಾವನ ತಮ್ಮನಂತೆ. ಬೈಕಿನ ಬಗ್ಗೆ ಕೇಳಿದರು, ಕುದುರೆಗಳ ಬಗ್ಗೆ ಹೇಳಿದರು. ಹುಡುಗನಾಗಿದ್ದಾಗ ಅಣ್ಣ ನನ್ನನ್ನು ಕುದುರೆಯ ಮೇಲೆ ಮುಂದೆ ಕೂರಿಸಿಕೊಳ್ಳುತ್ತಿದ್ದನೋ ಹಿಂದೆಯೋ ಎಂದು ಕೇಳಿದರು.

"ಮುಂದೆ," ಎಂದೆ.

"ಒಳ್ಳೇದು," ಎಂದರು.

ಎದ್ದು ಹೋಗಿ ಚೈನಿಗೆ ಎಣ್ಣೆ ಹಾಕಿದೆ. ಆಗಲೇ ಒಮ್ಮೆ ಹಾಕಿ ಆಗಿತ್ತು.

ಜುಲೈ 16, ಸೋಮವಾರ. ಬೆಳಿಗ್ಗೆ 11.20, ಗೇಟಿನ ಒಳಗೆ

ಪತ್ರ ಕೈಗೆ ಬಂದಿದೆ. ತಂದವನು ಆ ಕಡೆಯಿಂದ ಬಂದ ಮೊದಲ ಕಾರಿನ ಚಾಲಕ, 10.50ಕ್ಕೆ. ತಿಲೆಗೆನ್ ಹೇಗಿದ್ದ ಎಂದು ಕೇಳಿದೆ. "ಪತ್ರ ಕೊಟ್ಟ, ಹೋದ," ಎಂದು ಕಾರಿನೊಳಗೆ ಕೂತುಬಿಟ್ಟ.

ಹೊರಡುವಾಗ ಕುಸಾಯಿನ್ ತಮ್ಮ ಸೊಂಟದ ಬಟ್ಟೆ ಬಿಚ್ಚಿ ನನ್ನ ಕೋಟಿನ ಮೇಲೆ ಬಿಗಿದು ಕಟ್ಟಿದರು. "ಮೇಲೆ ಗಾಳಿ ಜಾಸ್ತಿ. ಕಟ್ಕೊಂಡಿರು, ಬಿಚ್ಚಬೇಡ." ಕನೀಪಾ ಕೆನ್ನೆ ಮುಟ್ಟಿದಳು. ಮೊನ್ನೆ ತಾನೆ ಪರಿಚಯವಾದವಳು.

ಕ್ಯಾಪ್ಟನ್ ಅರ್ಜಿ ಕೊಟ್ಟರು. ಬೇರೆಯವರ ಹೆಸರಿನ ವಾಹನಕ್ಕೆ ತುಂಬುವುದು. ಒಂದರಿಂದ ಆರು: ಹೆಸರು, ಸಂಖ್ಯೆ, ಬಣ್ಣ. ಏಳು: ವಾಹನದ ಮಾಲೀಕರು ಇಂದಿನ ದಿನಾಂಕಕ್ಕೆ ಜೀವಂತವಾಗಿದ್ದಾರೆಯೇ? ಇಲ್ಲದಿದ್ದರೆ ಅನುಮತಿ ಪತ್ರ ಅಸಿಂಧು.

ಪೆನ್ನು ನಿಂತಿತು. ಪೆನ್ನಿನ ಶಾಯಿ ಸರಿಯಿರಲಿಲ್ಲ.

ಕೋಣೆಯಲ್ಲಿ ಐದು ಜನರಿದ್ದರು. ಕ್ಯಾಪ್ಟನ್ ಕಿಟಕಿಯಾಚೆ ನೋಡುತ್ತಿದ್ದರು.

"ಬೇರೆ ಪೆನ್ನು ಕೊಡ್ಲಾ?" ಎಂದರು.

"ಬೇಡ."

ಹೌದು ಎಂದು ಬರೆದು ಸಹಿ ಹಾಕಿದೆ. ಕ್ಯಾಪ್ಟನ್ ಆ ಹಾಳೆಯನ್ನು ಓದದೆ ಮೊಹರು ಒತ್ತಿದರು. ಪ್ರತಿಯೊಂದು ಹಾಳೆಯನ್ನೂ ಎರಡು ಸಲ ಓದುವ ಮನುಷ್ಯ ಅವರು.

ಈಗ ಪಾಸ್‌ಪೋರ್ಟ್ ಮೊಹರಿಗೆ ಕಾಯುತ್ತಿದ್ದೇನೆ. ರಷ್ಯದ ಗೇಟು ಒಂದರಿಂದ ಎರಡರವರೆಗೆ ಊಟಕ್ಕೆ ಮುಚ್ಚುತ್ತದೆ. ಒಂದರೊಳಗೆ ಅಲ್ಲಿರಬೇಕು.

ಜುಲೈ 18, ಬುಧವಾರ

ಅಣ್ಣ ಶನಿವಾರ, ಹದಿನಾಲ್ಕರಂದು, ಬೆಳಿಗ್ಗೆ ಹತ್ತಕ್ಕೆ ತೀರಿಕೊಂಡ. ನನಗೆ ಹೇಳಿದವರು ಮೂವರು ಹಿರಿಯರು, ಸೋಮವಾರ ಮಧ್ಯಾಹ್ನ ಎರಡೂ ಮುಕ್ಕಾಲಿಗೆ, ಹಳ್ಳಿ ಇನ್ನೂ ಎರಡು ಕಿಲೋಮೀಟರ್ ಇರುವಾಗ.

ನಡೆದ ಕ್ರಮದಲ್ಲೇ ಬರೆಯುತ್ತೇನೆ.

ನಮ್ಮ ಗೇಟು ಬಿಟ್ಟಾಗ 11.40. ಏರಿನಲ್ಲಿ ಕಲ್ಲು, ಮೊನ್ನೆಯ ಮಳೆಯ ಕೆಸರು. ಮೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಕ್ಲಚ್ಚಿನ ತಂತಿ ಹರಿಯಿತು. ಹಿಡಿ ಕೈಯಲ್ಲಿ ಸಡಿಲವಾಗಿ ನೇತಾಡಿತು. ಬದಲಿ ತಂತಿ ಇರಲಿಲ್ಲ. ಉಳಿದ ಎರಡು ಕಿಲೋಮೀಟರ್ ಬೈಕನ್ನು ತಳ್ಳಿದೆ. ಹತ್ತು ಹೆಜ್ಜೆ ತಳ್ಳುವುದು, ಹಿಂದಿನ ಚಕ್ರ ಜಾರದಂತೆ ಕಲ್ಲು ಇಡುವುದು, ಉಸಿರೆಳೆಯುವುದು. ಕಾರುಗಳು ಪಕ್ಕದಲ್ಲೇ ಹಾದುಹೋದವು. ಒಬ್ಬ ನಿಲ್ಲಿಸಿ, "ಬೈಕು ಬಿಟ್ಟು ಬನ್ನಿ, ಒಂದು ಜಾಗ ಇದೆ," ಎಂದ. ಅರ್ಜಿಯಲ್ಲಿ ಬೈಕಿನ ಜೊತೆ ನನ್ನ ಹೆಸರಿದೆ, ಬೈಕಿಲ್ಲದೆ ಅವರ ಗೇಟಿನಲ್ಲಿ ನನ್ನನ್ನು ಬಿಡುವುದಿಲ್ಲ ಎಂದೆ. ಅದು ನಿಜ. ಆದರೆ ಅದರ ಮೇಲೇ ಬಾ ಎಂದವನು ಇನ್ನೂ ಕಾಯುತ್ತಿದ್ದಾನೆ ಎಂದೂ ಎಂದುಕೊಂಡೆ. ಜೋರಾಗಿಯೇ ಹೇಳಿರಬೇಕು, ಯಾಕೆಂದರೆ ಆ ಮನುಷ್ಯ ಗಾಜು ಏರಿಸಿ ಹೊರಟುಹೋದ.

ನೆತ್ತಿ ತಲುಪಿದಾಗ 12.55. ಅಲ್ಲಿಂದ ಇಳಿಜಾರು, ಟಾರು ರಸ್ತೆ. ಎರಡನೇ ಗೇರಿಗೆ ಹಾಕಿ ತಳ್ಳಿ ಹತ್ತಿದೆ, ಇಂಜಿನ್ ಹಿಡಿಯಿತು. ಒಂದರೊಳಗೆ ಅವರ ಗೇಟು ತಲುಪುವುದು ತಪ್ಪಿಹೋಗಿತ್ತು. ಮುಚ್ಚಿದ ಗೇಟಿನ ಮುಂದೆ ಎರಡರವರೆಗೆ ನಿಂತೆ. ಎರಡೂ ಇಪ್ಪತ್ತಕ್ಕೆ ಬಿಟ್ಟರು. ಅಲ್ಲಿಯ ಅಧಿಕಾರಿ ಪತ್ರ ನೋಡಿದ, ನನ್ನ ಸೊಂಟದ ಬಟ್ಟೆ ನೋಡಿದ. ಅವನೂ ನಮ್ಮ ಹಾಗೇ ಕಝಕ್. ಬೈಕನ್ನು ಇಳಿಜಾರಿನವರೆಗೆ ತಾನೇ ತಳ್ಳಿಕೊಟ್ಟ.

ಹಳ್ಳಿಯ ತಿರುವಿನಲ್ಲಿ ಮೂವರು ರಸ್ತೆಗೆ ಅಡ್ಡ ನಿಂತಿದ್ದರು. ನಿಲ್ಲಿಸಿದೆ, ಅಂದರೆ ಇಂಜಿನ್ ಆರಿಸಿದೆ. ಅವರು ಮೂವರು ಎಂದು ಕಂಡಾಗಲೇ ತಿಳಿಯಬೇಕಿತ್ತು. ಇಂಥ ಸುದ್ದಿ ಹೇಳಲು ಮೂವರಾಗಿ ಹೋಗುವುದು ರೂಢಿ. ನಾನೇ ತೊಲ್ಬೋದಲ್ಲಿ ಎರಡು ಸಲ ಹಾಗೆ ಹೋಗಿದ್ದೇನೆ. ದೂರದವರಿಗೆ ಫೋನಿನಲ್ಲಿ ಸಾವನ್ನು ಹೇಳುವುದಿಲ್ಲ. ಹುಷಾರಿಲ್ಲ ಬಾ ಎನ್ನುತ್ತೇವೆ, ನೆಮ್ಮದಿಯಾಗಿ ಮಲಗಿದ್ದಾನೆ ಎನ್ನುತ್ತೇವೆ. ಇದನ್ನೆಲ್ಲ ಬಲ್ಲವನು ನಾನು.

ನಡುವಿನವರು ನನ್ನ ಎರಡೂ ಕೈ ಹಿಡಿದರು. "ಜುಮಾದಿಲ್, ಗಟ್ಟಿಯಾಗು. ನಿಮ್ಮಣ್ಣ ಗುಡಾರ ಕಿತ್ತುಕೊಂಡು ಹೊರಟುಹೋದ."

"ಯಾವಾಗ?"

"ಶನಿವಾರ."

"ಎಷ್ಟು ಹೊತ್ತಿಗೆ?"

"ಹತ್ತಕ್ಕೆ."

"ಯಾರು ನೋಡಿದ್ದು?"

"ನಾನೇ ನೋಡಿದ್ದು ಕಣಪ್ಪ, ಸಾಕಾ?" ಎಂದರು ಎಡಗಡೆಯವರು. ಶನಿವಾರದ ಫೋನಿನ ದನಿ ಅವರದೇ. "ಮೂರನೇ ದಿನ ಇವತ್ತು. ನಿನಗೋಸ್ಕರ ಇಟ್ಕೊಂಡಿದೀವಿ. ಹೊತ್ತಿಲ್ಲ. ಹೋಗು, ಕೂಗಿಕೊಂಡು ಹೋಗು."

ಕುದುರೆಯ ಮೇಲೆ ನಾಗಾಲೋಟದಲ್ಲಿ ಕೂಗುತ್ತಾ ಹೋಗಬೇಕು. ಕುದುರೆ ಇರಲಿಲ್ಲ. ಮೂವರು ಮುದುಕರು ಬೈಕನ್ನು ತಳ್ಳಿದರು, ಇಂಜಿನ್ ಹಿಡಿಯಿತು. ಎರಡು ಕಿಲೋಮೀಟರ್ ಎರಡನೇ ಗೇರಿನಲ್ಲಿ, ಓ ನನ್ನ ಒಡಹುಟ್ಟೇ, ಓ ನನ್ನ ಒಡಹುಟ್ಟೇ ಎಂದು ಕೂಗಿಕೊಂಡು ಹೋದೆ. ನನ್ನ ಕೂಗು ಇಂಜಿನ್ನಿನ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಅಂಗಳದ ಬಾಗಿಲಲ್ಲಿ ಗಂಡಸರು ಸೊಂಟಕ್ಕೆ ಬಟ್ಟೆ ಬಿಗಿದು, ಕೋಲೂರಿ ಸಾಲಾಗಿ ನಿಂತಿದ್ದರು. ತಿಲೆಗೆನ್ ಮೊದಲನೆಯವನು. ನನ್ನ ಸೊಂಟದಲ್ಲೂ ಅದೇ ಇತ್ತು. ಬೆಳಗಿನಿಂದ ಸಾವಿನ ಮನೆಯವನಾಗಿಯೇ ಗಡಿ ದಾಟಿದ್ದೆ, ಎಲ್ಲರೂ ನೋಡಿದ್ದರು. ಚಹಾ ಮನೆಗೆ ಶನಿವಾರವೇ ಸುದ್ದಿ ಮುಟ್ಟಿತ್ತಂತೆ.

ಕ್ಲಚ್ಚಿಲ್ಲ, ಇಂಜಿನ್ ಆರಿಸಲು ಮರೆತೆ, ಅಂಗಳದಲ್ಲಿ ನಿಲ್ಲಿಸಲಾಗಲಿಲ್ಲ. ಸಾಲು ದಾಟಿ ಹುಲ್ಲಿನ ಬಣವೆಗೆ ಗುದ್ದಿ ಬಿದ್ದೆ. ಎತ್ತಿದರು.

ಅವನ ಮುಖ ತೋರಿಸಿದರು. ಕೈ ಬಟ್ಟೆಯೊಳಗಿತ್ತು. ಬಟ್ಟೆಯ ಮೇಲಿಂದಲೇ ಹಿಡಿದು, ನಾನು ರಾಜಿ ಅಣ್ಣ ಎಂದೆ. ಮೂರು ಸಲ ಎಂದೆ. ಅಷ್ಟರಲ್ಲಿ ಎತ್ತಿದರು. ನಾಲ್ಕೂವರೆಗೆ ಮಣ್ಣು ಹಾಕಿದೆವು.

ಮಂಗಳವಾರ ಜನ ಕಡಿಮೆಯಾದ ಮೇಲೆ ಅತ್ತಿಗೆಯ ಹತ್ತಿರ ಹೋಗಿ ಕೂತೆ. ಒಂಬತ್ತು ವರ್ಷದಲ್ಲಿ ಬಹಳ ಸಣ್ಣಗಾಗಿದ್ದಾರೆ.

"ಅತ್ತಿಗೆ, ನನಗೆ ರಾಜಿ ಅಂದ್ನಾ?"

ಅವರು ಚಹಾದ ಬಟ್ಟಲನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. "ಬೇರೆ ಯಾರಾದ್ರೂ ಕೇಳಿದ್ರೆ ಅಂದ್ರು ಅಂತಿದ್ದೆ. ನಿನಗೆ ಸುಳ್ಳು ಹೇಳೋಕಾಗಲ್ಲ. ಅನ್ನಲಿಲ್ಲ."

"ಏನೂ ಅನ್ನಲಿಲ್ವಾ?"

"ಆ ಕುರಿಗಳ ಮಾತು ಒಂಬತ್ತು ವರ್ಷ ಎತ್ತಲಿಲ್ಲ. ನಿನ್ನ ಮಾತೂ ಎತ್ತಲಿಲ್ಲ. ಬೈಕಿನ ಪತ್ರಕ್ಕೆ ಸಹಿ ಹಾಕೋವಾಗ ಮಾತ್ರ ಜಗಳ ಮಾಡಿದ್ರು. ಎರಡು ಹಾಳೆ ಹಾಳಾದ್ವು, ಕೈ ನಿಲ್ತಿರ್ಲಿಲ್ಲ. ನೋಟರಿ ಹೆಬ್ಬೆಟ್ಟು ಒತ್ತಿ ಸಾಕು ಅಂದ. ಹೆಬ್ಬೆಟ್ಟು ಯಾಕೆ, ನನ್ನ ತಮ್ಮ ಓದ್ತಾನೆ ಅಂದ್ರು. ಇಡೀ ಪತ್ರ ಗಟ್ಟಿಯಾಗಿ ಓದಿಸ್ಕೊಂಡ್ರು, ಎರಡು ಸಲ. ಆಮೇಲೆ ಮೂರನೇ ಹಾಳೆಗೆ ಹಾಕಿದ್ರು."

ಪತ್ರ ರಷ್ಯದ ಗೇಟಿನವರು ಇಟ್ಟುಕೊಂಡಿದ್ದಾರೆ. ಫೋಟೋ ನನ್ನ ಬಳಿ ಇದೆ.

ಜುಲೈ 19, ಗುರುವಾರ

ಬೈಕು ಮೂವತ್ತು ದಿನದೊಳಗೆ ವಾಪಸು ಹೋಗಬೇಕು. ಅರ್ಜಿಯ ಹಿಂಬದಿಯಲ್ಲಿ ಬರೆದಿದೆ. ತಂತಿಯನ್ನು ತಿಲೆಗೆನ್ ಕೋಶ್-ಅಗಾಚ್‌ನಿಂದ ತಂದು ಹಾಕಿದ್ದಾನೆ. ಹೊಸ ತಂತಿ ಬಹಳ ಮೆದು, ನನ್ನ ಕೈಗೆ ಇನ್ನೂ ಹೊಂದಿಲ್ಲ.

ಅರ್ಜಿಯ ಏಳನೇ ಸಾಲು ಸುಳ್ಳು. ಬರೆದವನು ನಾನು. ಹದಿನಾರು ವರ್ಷದ ಕೆಲಸದಲ್ಲಿ ನನ್ನ ಸಹಿಯ ಮೇಲೆ ಇರುವ ಒಂದೇ ಸುಳ್ಳು ಸಾಲು. ಬರೆಯುವಾಗ ಗೊತ್ತಿರಲಿಲ್ಲ ಎಂದು ಇಲ್ಲಿ ದಾಖಲಿಸಬೇಕೆಂದು ಬೆಳಿಗ್ಗೆಯೇ ಪುಸ್ತಕ ತೆರೆದೆ. ಭಾನುವಾರ ಫೋನ್ ಮಾಡಲಿಲ್ಲ. ತಿಲೆಗೆನ್ ಎಲ್ಲಿ ಎಂದು ಕೇಳಲಿಲ್ಲ. ಪೆನ್ನಿನಲ್ಲಿ ಶಾಯಿ ಇತ್ತು, ಈಗಲೂ ಅದೇ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಆದ್ದರಿಂದ ಗೊತ್ತಿರಲಿಲ್ಲ ಎಂದು ಬರೆಯುವುದಿಲ್ಲ. ಗೊತ್ತಿತ್ತು ಎಂದೂ ಬರೆಯಲಾರೆ.

ತಿದ್ದಿಸಲು ಅರ್ಜಿ ಕೊಡಬಹುದು. ಕೊಟ್ಟರೆ ಮೊಹರು ಒತ್ತಿದವರು ಯಾರೆಂದು ಕೇಳುತ್ತಾರೆ. ಕೊಡುವುದಿಲ್ಲ.

ನಾಳೆ ಏಳನೇ ದಿನದ ಊಟ. ಸುಮಾರು ಇನ್ನೂರು ಜನ ಬರುತ್ತಾರೆ ಎಂದು ಹಿರಿಯರು ಹೇಳಿದ್ದಾರೆ. ಒಂದು ಹೆಣ್ಣುಕುದುರೆ, ಎರಡು ಕುರಿ ಕಡಿಯುವುದೆಂದು ತೀರ್ಮಾನ. ಇಲ್ಲಿಗೆ ಬಂದ ಮೇಲೆ ಅಣ್ಣ ತನ್ನ ದೊಡ್ಡಿಯೊಳಗೆ ಒಬ್ಬ ಪಶುವೈದ್ಯನನ್ನೂ ಕಾಲಿಡಲು ಬಿಟ್ಟಿಲ್ಲವಂತೆ. ಹೇಳಿದವನು ತಿಲೆಗೆನ್. ಮಧ್ಯಾಹ್ನ ಅತ್ತಿಗೆ ಒಲೆಯ ಮುಂದಿನಿಂದ ಕರೆದರು. ಗಂಡನ ತಮ್ಮನ ಹೆಸರು ಹಿಡಿಯಬಾರದೆಂದು ಮದುವೆಯ ದಿನ ಅವರು ನನಗೊಂದು ಹೆಸರಿಟ್ಟಿದ್ದರು. ಒಂಬತ್ತು ವರ್ಷದಿಂದ ಆ ಹೆಸರಿನಿಂದ ಯಾರೂ ಕರೆದಿರಲಿಲ್ಲ.

"ಪುಟ್ಟ ದೊರೆ, ಕಡಿಯೋ ಮುಂಚೆ ಆ ಮೂರನ್ನೂ ನೀನೇ ನೋಡಿ ಹೇಳು. ಏನು ಕಾಣುತ್ತೋ ಅದನ್ನೇ ಹೇಳು."

ನಾಳೆ ಬೆಳಿಗ್ಗೆ ಆರಕ್ಕೆ ದೊಡ್ಡಿಯ ಬಾಗಿಲು ತೆಗೆಯುತ್ತಾರೆ.